ಅರಣ್ಯಶಾಸ್ತ್ರ ಪದವಿ: ಸೇರುವ ಮುನ್ನ, ಸೇರಿದ ಮೇಲೆ

ಕಾಡು, ಪ್ರಾಣಿ ಎಂದರೆ ಇಷ್ಟ, ಅದಕ್ಕೇ ಬಿ.ಎಸ್ಸಿ. ಫಾರೆಸ್ಟ್ರಿ ಓದಬೇಕು ಎನ್ನುವ ಪಿಯು ವಿದ್ಯಾರ್ಥಿಗಳು ಹಲವರಿದ್ದಾರೆ. ಆ ಇಷ್ಟ ಇರಲೇಬೇಕು. ಜೊತೆಗೆ ಮಳೆ, ಜಿಗಣೆಗೆ ಹೆದರದೆ ಗುಡ್ಡ ಹತ್ತುವ ಕಾಲು, ಲೆಕ್ಕಕ್ಕೆ ಅಂಜದ ಮನಸ್ಸೂ ಬೇಕು.

1. ಓದುವುದೇನು?

ಇದು 4 ವರ್ಷ, 8 ಸೆಮಿಸ್ಟರ್‌ಗಳ ವೃತ್ತಿಪರ ಕೋರ್ಸ್. ಕಾಡು ಬೆಳೆಸುವ ವಿಧಾನ, ಮರಗಳ ಗುರುತಿಸುವಿಕೆ, ಕೃಷಿ ಅರಣ್ಯ, ಮರದ ವಿಜ್ಞಾನ, ವನ್ಯಜೀವಿ ನಿರ್ವಹಣೆ, ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಎಲ್ಲವೂ ಇದರಲ್ಲಿವೆ. ಮರದ ಸುತ್ತಳತೆ ತೆಗೆಯುವುದನ್ನೇ ನೋಡಿ: ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಬೇಕು. ಇಳಿಜಾರಿನಲ್ಲಿದ್ದರೆ ಮೇಲ್ಬದಿಯ ನೆಲದಿಂದ ಅಳೆಯಬೇಕು. ಟೇಪ್ ಓರೆಯಾದರೆ ಮರದ ಗಾತ್ರದ ಲೆಕ್ಕವೇ ತಪ್ಪುತ್ತದೆ. ಇಂಥ ಶಿಸ್ತೇ ಈ ಓದಿನ ಜೀವಾಳ.

2. ಪ್ರವೇಶ ಹೇಗೆ?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಓದಿರಬೇಕು. ಸಿಇಟಿ ಬರೆದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಆಯ್ಕೆ ದಾಖಲಿಸಬೇಕು. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ದಾಖಲೆಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಹೊರರಾಜ್ಯಗಳಲ್ಲಿ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಕೋಟಾದ ಸೀಟು ಬೇಕಿದ್ದರೆ ಸಿಯುಇಟಿ ಬರೆಯಿರಿ.

3. ಎಲ್ಲಿ ಓದಬೇಕು?

ರಾಜ್ಯದಲ್ಲಿ ಶಿರಸಿ ಮತ್ತು ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳು ಹೆಸರಾದವು. ಶಿರಸಿಯ ಸುತ್ತ ಅಡಿಕೆ ತೋಟ, ಅದಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟಗಳಿದ್ದರೆ, ಪೊನ್ನಂಪೇಟೆಯ ಸುತ್ತ ನೆರಳಿನ ಕಾಫಿ ತೋಟ, ದೇವರಕಾಡುಗಳಿವೆ. ಜನ ಮತ್ತು ಕಾಡಿನ ನಂಟನ್ನು ಕಣ್ಣಾರೆ ಕಂಡು ಕಲಿಯಲು ಇವಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

4. ಮುಂದೇನು?

ಭಾರತೀಯ ಅರಣ್ಯ ಸೇವೆ ಗುರಿಯಾಗಿದ್ದರೆ ಮೊದಲು ಯುಪಿಎಸ್‌ಸಿಯ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆ ಪಾಸಾಗಬೇಕು. ಆಯ್ಕೆಯ ಹಾದಿಯಲ್ಲಿ 4 ಗಂಟೆಯಲ್ಲಿ ಪುರುಷರು 25, ಮಹಿಳೆಯರು 14 ಕಿ.ಮೀ. ನಡೆಯುವ ಪರೀಕ್ಷೆಯೂ ಇದೆ. ವಲಯ ಅರಣ್ಯಾಧಿಕಾರಿ ಹುದ್ದೆ ಬಯಸಿದರೆ ಪ್ರತಿ ನೇಮಕಾತಿ ಅಧಿಸೂಚನೆಯನ್ನೂ ಪೂರ್ತಿ ಓದಿ. ಉನ್ನತ ವ್ಯಾಸಂಗಕ್ಕೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ, ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಗಳಿವೆ. ಸರ್ಕಾರಿ ಹುದ್ದೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ನರ್ಸರಿ, ಪ್ಲೈವುಡ್, ಕಾಗದ ಉದ್ಯಮ, ಸಂರಕ್ಷಣಾ ಸಂಸ್ಥೆಗಳಲ್ಲೂ ಕೆಲಸಗಳಿವೆ.

5. ಕೊನೆಯ ತೀರ್ಮಾನಕ್ಕೆ ಮುನ್ನ

ಆಯ್ಕೆ ದಾಖಲಿಸುವ ಮೊದಲು ಹತ್ತಿರದ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ, ಅಲ್ಲಿನವರನ್ನು ಕೇಳಿಕೊಂಡು ಒಂದು ದಿನ ಮಣ್ಣು ತುಂಬಿ, ಸಸಿ ನಾಟಿ ನೋಡಿ. ಸಂಜೆ ಮೈಕೈ ನೋಯುತ್ತಿದ್ದರೂ ನಾಳೆಯೂ ಬರೋಣ ಅನ್ನಿಸಿದರೆ ಧೈರ್ಯವಾಗಿ ಸೇರಿ. ಕಾಡಿಗೆ ಬೇಕಿರುವುದು ನಿಮ್ಮಂಥವರೇ.