ಚುಕ್ಕೆ ನೋಡಿದವನ ಒಂದು ಮಾತು



ಅಳಿಯ, ಈ ಸೋದರಮಾವ ಮೊನ್ನೆ ಮದ್ದೂರಿಗೆ ಬಂದಾಗ ರಾತ್ರಿ ಎರಡಾದರೂ ನಿನ್ನ ರೂಮಿನ ದೀಪ ಆರಿರಲಿಲ್ಲ. ನೀನು ಸಿನಿಮಾ ತುಣುಕು ನೋಡಿ ಕ್ಲೋಸಪ್ಪು, ಲಾಂಗ್ ಶಾಟು, ಪ್ಯಾನು ಅಂತ ಗುರುತು ಹಾಕ್ತಿದ್ದೆ. ಎಐಗೆ ಕಲಿಸೋ ಕೆಲಸ, ತುಣುಕಿಗೆ ಇಷ್ಟು ದುಡ್ಡು ಅಂದೆ. ಕಂಪನಿ ಯಾವೂರದು ಅಂತ ಕೇಳಿದ್ರೆ ಗೊತ್ತಿಲ್ಲ ಅಂದೆ. ನಿನ್ನಂಥ ಹುಡುಗರು ಮಂಡ್ಯದಲ್ಲೂ ಇರಬಹುದು. ಅದಕ್ಕೇ ಎಲ್ಲರೂ ಓದೋ ಹಾಗೆ ಬರೀತಿದ್ದೀನಿ.

ಸಿನಿಮಾ ನೋಡಿ ಕೂಲಿ ತಗೊಂಡವನು ನಾನೂ ಹೌದು. ಮಳವಳ್ಳಿಯ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದೆ. ಬೆಂಗಳೂರಿನ ಗಾಂಧಿನಗರದಿಂದ ಬಸ್ಸಿನಲ್ಲಿ ರೀಲಿನ ಡಬ್ಬಿ ಬರೋವು. 1000 ಅಡಿ ರೀಲು 11 ನಿಮಿಷಕ್ಕೆ ಖಾಲಿ. ಮುಗಿಯೋ ಮುಂಚೆ ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚೋದು. ಮೊದಲ ಚುಕ್ಕೆಗೆ ಎರಡನೇ ಪ್ರೊಜೆಕ್ಟರಿನ ಮೋಟರ್ ಹಾಕ್ಬೇಕು, ಎರಡನೇ ಚುಕ್ಕೆಗೆ ಚಿತ್ರ ಬದಲಿಸ್ಬೇಕು. ನಡುವೆ ಏಳೆಂಟು ಸೆಕೆಂಡು, ಅಷ್ಟೇ. 1972ರ 'ನಾಗರಹಾವು' ಮತ್ತೆ ಬಂದಿತ್ತು. ನಮ್ಮ ದೊಡ್ಡರಸಿನಕೆರೆ ಅಂಬರೀಶ್ ಜಲೀಲನಾಗಿ ಕಂಡದ್ದೇ ತಡ, ನೆಲದಲ್ಲಿ ಕೂತೋರ ಶಿಳ್ಳೆ. ನಾನೂ ಮೈಮರೆತೆ. ಚುಕ್ಕೆ ತಪ್ಪಿತು, ಪರದೆ ಬೆಳ್ಳಗಾಯ್ತು, ಆ ದಿನದ ಕೂಲಿ ಹೋಯ್ತು. ಅವತ್ತಿಂದ ಚುಕ್ಕೆ ನೋಡಿದೆ, ಸಿನಿಮಾ ನೋಡ್ಲಿಲ್ಲ. ಟಾಕೀಸು ಮುಚ್ಚಿದಾಗ ಕೈಮೇಲೆ ಕಾರ್ಬನ್ ಕಡ್ಡಿ ಸುಟ್ಟ ಕಲೆ ಇತ್ತು, ಕೈಯಲ್ಲಿ ಅಲ್ಲಿ ದುಡಿದೆ ಅನ್ನೋಕೆ ಒಂದು ಚೀಟಿಯೂ ಇರ್ಲಿಲ್ಲ.

ಈ ಕೆಲಸ ಬೇಡ ಅನ್ನಲ್ಲ. ಬೆಂಗಳೂರಿನ ಬಾಡಿಗೆ ಇಲ್ಲದೆ, ಅಮ್ಮನ ಕೈ ಮುದ್ದೆ ಉಂಡು ದುಡಿಯೋದು ಸಣ್ಣ ಮಾತಲ್ಲ. ಆದ್ರೆ ಮಾಡಿದ ಕೆಲಸ ರಿಜೆಕ್ಟ್ ಅಂತ ಬಂದ್ರೆ ಯಾಕೆ ಅಂತ ಕೇಳೋಕೆ ಬಾಗಿಲೇ ಇಲ್ಲದ ಕಡೆ ಕಣ್ಣು ಸವೆಸ್ತೀಯಲ್ಲ, ಬುದ್ಧಿ ಇದೆಯೇನೋ ನಿಂಗೆ? ನಾನಾದ್ರೆ ಮಾಲೀಕನ ಮನೆ ಮುಂದೆ ನಿಂತು ಬೈದು ಬರ್ತಿದ್ದೆ. 2025ರಲ್ಲಿ ನಮ್ಮ ಸರ್ಕಾರ ಗಿಗ್ ಕಾರ್ಮಿಕರಿಗೆ ಕಾನೂನು ತಂದಿದೆ, ಸರಿ. ವಿಳಾಸ ಗೊತ್ತಿಲ್ಲದ ಕಂಪನಿ ಮೇಲೆ ದೂರು ಎಲ್ಲಿ ಕೊಡ್ತೀಯ?

ಬೇಜಾರು ಮಾಡ್ಕೋಬೇಡ ಮಗ. ನಿನ್ನ ಕಣ್ಣು ಚುರುಕು ಅಂತ ಗೊತ್ತಿದ್ದೇ ಬೈದೆ. ಇಲ್ಲೇ ಇದ್ದು ಸಿನಿಮಾ ಮಾಡೋಕೂ ಆಗುತ್ತೆ. 'ತಿಥಿ' ಸಿನಿಮಾ ತೆಗೆದದ್ದು ನಮ್ಮ ಜಿಲ್ಲೆಯ ನೊದೆಕೊಪ್ಪಲಲ್ಲೇ. ಕಥೆ ಬರೆದ ಈರೇಗೌಡ್ರು ಆ ಊರಿನೋರು, ನಟಿಸಿದೋರು ಹಳ್ಳಿ ಜನ. 2015ರಲ್ಲಿ ಅದಕ್ಕೆ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು. ಬೇರೆಯೋರು ತೆಗೆದ ಶಾಟಿಗೆ ಹೆಸರು ಹಚ್ಚಿದ್ದು ಸಾಕು, ನೀನೂ ಒಂದು ಶಾಟ್ ತೆಗಿ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕ್ಯಾಮೆರಾ ಕಲಿಸ್ತಾರೆ. ಭಾನುವಾರ ಬರ್ತೀನಿ, ಅರ್ಜಿ ಹಾಕೋಕೆ ಅಂಕಪಟ್ಟಿ ತೆಗೆದಿಟ್ಟಿರು.