ಗುಂಡು ಹಾರಿಸದ ಬಂದೂಕು

ಮಕ್ಕಳೇ, ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆದಿದ್ದೀರಾ? ಅಲ್ಲಿ ಗುಂಡು ಬಂದೂಕಿನಿಂದ ಬಲೂನಿನತ್ತ ಹೋಗುತ್ತದೆ. ಹಳೆಯ ವಿಡಿಯೋ ಗೇಮ್ ಬಂದೂಕಿನಲ್ಲಿ ಇದು ಉಲ್ಟಾ!

ಜಪಾನಿನ ನಿಂಟೆಂಡೊ ಕಂಪನಿ 1984ರಲ್ಲಿ ‘ಡಕ್ ಹಂಟ್’ ಎಂಬ ಬಾತುಕೋಳಿ ಬೇಟೆಯ ಆಟವನ್ನು ತಂದಿತು. ಮನೆಯ ಟಿ.ವಿ.ಗೆ ಪೆಟ್ಟಿಗೆ ಜೋಡಿಸಿ ಆಡುವ ಆಟವಿದು. ಟ್ರಿಗರ್ ಒತ್ತಿದೊಡನೆ ಪರದೆ ಕ್ಷಣಮಾತ್ರ ಪೂರ್ತಿ ಕಪ್ಪಾಗುತ್ತದೆ. ಬಳಿಕ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿನುಗುತ್ತದೆ. ಬಂದೂಕಿನೊಳಗೆ ಬೆಳಕನ್ನು ಗುರುತಿಸುವ ಸಂವೇದಕವಿದೆ. ಅದಕ್ಕೆ ಮೊದಲು ಕತ್ತಲೆ, ಅನಂತರ ಬೆಳಕು ಕಂಡರೆ ಗುರಿ ತಾಗಿದಂತೆ. ಬಲ್ಬಿನತ್ತ ಹಿಡಿದು ಮೋಸ ಮಾಡಲಾಗದು. ಏಕೆ? ಬಲ್ಬಿನಲ್ಲಿ ಆ ಕತ್ತಲೆಯೇ ಇರುವುದಿಲ್ಲ!

ಕಮಲಾಪುರದ ಯಾರದಾದರೂ ಮನೆಯಲ್ಲಿ ಇಂಥ ಹಳೆಯ ಸೆಟ್ ಸಿಕ್ಕಿತೆನ್ನಿ. ಹೊಸ ಚಪ್ಪಟೆ ಟಿ.ವಿ.ಗೆ ಜೋಡಿಸಿದರೆ ಒಂದು ಹಕ್ಕಿಯೂ ಬೀಳದು. ಬಂದೂಕು ಕೆಟ್ಟಿದೆಯೆಂದು ಎಸೆಯಬೇಡಿ. ಪಿಕ್ಚರ್ ಟ್ಯೂಬಿನ ಹಳೆಯ ಟಿ.ವಿ. ಸಂಕೇತ ಬಂದ ಕೂಡಲೇ ಗೆರೆಗೆರೆಯಾಗಿ ಚಿತ್ರ ಮೂಡಿಸುತ್ತದೆ. ಹೊಸ ಟಿ.ವಿ. ತುಸು ತಡವಾಗಿ ತೋರಿಸುತ್ತದೆ. ಸೆಕೆಂಡಿನ ಸಣ್ಣ ಪಾಲಿನಷ್ಟು ತಡವಾದರೂ ಆಟದ ಲೆಕ್ಕ ತಪ್ಪುತ್ತದೆ.

ಮಾಡಿ ನೋಡಿ: ಕಾಗದವನ್ನು ಕೊಳವೆಯಂತೆ ಸುತ್ತಿ. ಒಂದು ಕಣ್ಣು ಮುಚ್ಚಿ, ಅದರ ಮೂಲಕ ಗೋಡೆಯನ್ನೂ ದೀಪವನ್ನೂ ನೋಡಿ. ಸೂರ್ಯನನ್ನು ಮಾತ್ರ ನೋಡಬೇಡಿ! ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿದರೆ ಕಾಣುವ ಜಾಗ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಗುರಿಕಾರನ ಬಂದೂಕಿಗೆ ಯಾವ ಕೊಳವೆ ಒಳ್ಳೆಯದು?