ದಿನಸಿ ಅಂಗಡಿಯಿಲ್ಲದ ಬಡಾವಣೆಗಳು: ಷಿಕಾಗೋ ನಗರದ ಅನುಭವ ಮತ್ತು ಅದರ ಲೆಕ್ಕಾಚಾರ

ಅಮೆರಿಕದ ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಎಂಗಲ್‌ವುಡ್ ಎಂಬ ಬಡಾವಣೆಯಿದೆ. ಅಲ್ಲಿ 63ನೇ ರಸ್ತೆಯೂ ಹಾಲ್‌ಸ್ಟೆಡ್ ರಸ್ತೆಯೂ ಕೂಡುವ ವೃತ್ತವು ಒಂದು ಕಾಲದಲ್ಲಿ, ನಗರದ ಕೇಂದ್ರ ಪೇಟೆಯನ್ನು ಬಿಟ್ಟರೆ, ಷಿಕಾಗೋದ ಅತ್ಯಂತ ಜನನಿಬಿಡ ವ್ಯಾಪಾರ ಸ್ಥಳವೆನಿಸಿತ್ತು. 2016ರ ಸೆಪ್ಟೆಂಬರಿನಲ್ಲಿ ಅದೇ ಸ್ಥಳದಲ್ಲಿ ಹೋಲ್ ಫುಡ್ಸ್ ಸಂಸ್ಥೆಯು ದಿನಸಿ ಹಾಗೂ ಹಣ್ಣು ತರಕಾರಿಗಳ ಮಳಿಗೆಯೊಂದನ್ನು ತೆರೆಯಿತು. ಮಳಿಗೆಯನ್ನೊಳಗೊಂಡ ವಾಣಿಜ್ಯ ಸಂಕೀರ್ಣಕ್ಕೆ ನಗರಾಡಳಿತವು 1 ಕೋಟಿ 7 ಲಕ್ಷ ಡಾಲರುಗಳ ನೆರವು ನೀಡಿತ್ತು. ಆರು ವರ್ಷಗಳು ಕಳೆದು, 2022ರ ನವೆಂಬರಿನಲ್ಲಿ, ಮಳಿಗೆಯು ಬಾಗಿಲು ಮುಚ್ಚಿತು. ಮರುವರ್ಷದ ಏಪ್ರಿಲ್‌ನಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಇದೇ ನಗರದಲ್ಲಿನ ತನ್ನ ಎಂಟು ಮಳಿಗೆಗಳ ಪೈಕಿ ನಾಲ್ಕನ್ನು ಒಟ್ಟಿಗೆ ಮುಚ್ಚುವುದಾಗಿ ಪ್ರಕಟಿಸಿತು. ಷಿಕಾಗೋ ಮಳಿಗೆಗಳಿಂದ ವರ್ಷಕ್ಕೆ ಕೋಟ್ಯಂತರ ಡಾಲರು ನಷ್ಟವಾಗುತ್ತಿದೆಯೆಂದೂ, ಐದು ವರ್ಷಗಳಲ್ಲಿ ಆ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗಿದೆಯೆಂದೂ ಸಂಸ್ಥೆ ಹೇಳಿಕೊಂಡಿತು.

ಜನರಿದ್ದಾರೆ, ಅವರಿಗೆ ಹಸಿವಿದೆ, ಸರಕಾರದ ನೆರವೂ ಇದೆ. ಆದರೂ ಅಂಗಡಿ ಏಕೆ ನಿಲ್ಲುವುದಿಲ್ಲ? ಇದು ಸಮಾಜಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಇದರ ಅರ್ಧದಷ್ಟು ಉತ್ತರ ಲಾಭ ನಷ್ಟದ ಪಟ್ಟಿಯಲ್ಲಿಯೇ ದೊರೆಯುತ್ತದೆ.

ಆಹಾರ ಮರುಭೂಮಿ ಎಂದರೇನು?

ಷಿಕಾಗೋ ನಗರವು ಕುಕ್ ಕೌಂಟಿಗೆ ಸೇರಿದೆ. ಕೌಂಟಿಯೆಂದರೆ ಸರಿಸುಮಾರು ನಮ್ಮ ಜಿಲ್ಲೆಯಂತಹ ಆಡಳಿತ ಘಟಕ. 2020ರ ಜನಗಣತಿಯಂತೆ ಕುಕ್ ಕೌಂಟಿಯ ಜನಸಂಖ್ಯೆ ಸುಮಾರು 52 ಲಕ್ಷ 75 ಸಾವಿರ. ಇಲ್ಲಿನ ಹಲವು ಬಡಾವಣೆಗಳಿಗೆ 'ಫುಡ್ ಡೆಸರ್ಟ್', ಅಂದರೆ ಆಹಾರ ಮರುಭೂಮಿ, ಎಂಬ ಹೆಸರು ಅಂಟಿಕೊಂಡಿದೆ. ಈ ಪದ ಬಳಕೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ, ಸ್ಕಾಟ್ಲೆಂಡಿನಲ್ಲಿ. ಷಿಕಾಗೋ ಮಟ್ಟಿಗೆ ಇದು ಸಾರ್ವಜನಿಕ ಚರ್ಚೆಯ ವಿಷಯವಾದದ್ದು 2006ರಲ್ಲಿ ಮಾರಿ ಗ್ಯಾಲಗರ್ ಅವರು ಸಿದ್ಧಪಡಿಸಿದ ಅಧ್ಯಯನ ವರದಿಯಿಂದ. ಆ ವರದಿಯನ್ನು ಬರೆಸಿದ್ದು ಒಂದು ಬ್ಯಾಂಕು ಎಂಬುದನ್ನು ವ್ಯಾಪಾರಿಗಳು ಗಮನಿಸಬಹುದು.

ಪ್ರತಿ ತಿರುವಿನಲ್ಲೂ ಕಿರಾಣಿ ಅಂಗಡಿ, ಮನೆಯ ಮುಂದೆಯೇ ತರಕಾರಿಯ ತಳ್ಳುಗಾಡಿ ಇರುವ ನಾಡಿನವರಿಗೆ ಈ ಪರಿಕಲ್ಪನೆ ವಿಚಿತ್ರವಾಗಿ ತೋರುವುದು ಸಹಜ. ಅಮೆರಿಕದ ಬಹುಪಾಲು ನಗರಗಳಲ್ಲಿ ವಲಯ ನಿಯಮಗಳು ವಾಸದ ಬೀದಿಯನ್ನೂ ವ್ಯಾಪಾರದ ಬೀದಿಯನ್ನೂ ಬೇರ್ಪಡಿಸಿವೆ. ವಾರಕ್ಕೊಮ್ಮೆ ಕಾರಿನಲ್ಲಿ ದೊಡ್ಡ ಮಳಿಗೆಗೆ ಹೋಗಿ ಸಾಮಾನು ತುಂಬಿಕೊಂಡು ಬರುವುದು ಅಲ್ಲಿಯ ರೂಢಿ. ಕಾರಿಲ್ಲದವನಿಗೆ ಈ ರೂಢಿಯೇ ಶಿಕ್ಷೆಯಾಗುತ್ತದೆ.

ಅಮೆರಿಕದ ಕೃಷಿ ಇಲಾಖೆಯು ಇದಕ್ಕೊಂದು ಅಳತೆಗೋಲನ್ನು ನಿಗದಿಪಡಿಸಿದೆ. ಮೊದಲು, ಆ ಪ್ರದೇಶ ಕಡಿಮೆ ವರಮಾನದ್ದಾಗಿರಬೇಕು. ಬಡತನದ ಪ್ರಮಾಣ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚಿರುವುದು ಇದಕ್ಕೆ ಒಂದು ಆಧಾರ. ಎರಡನೆಯದಾಗಿ, ಕನಿಷ್ಠ 500 ಮಂದಿ ಅಥವಾ ಶೇಕಡ 33ರಷ್ಟು ನಿವಾಸಿಗಳು ದೊಡ್ಡ ದಿನಸಿ ಮಳಿಗೆಯಿಂದ ದೂರವಿರಬೇಕು. ನಗರದಲ್ಲಿ ಆ ದೂರ ಒಂದು ಮೈಲಿ, ಗ್ರಾಮಾಂತರದಲ್ಲಿ 10 ಮೈಲಿ. ದೊಡ್ಡ ಮಳಿಗೆಯೆಂದರೆ ಎಲ್ಲ ಮುಖ್ಯ ಆಹಾರ ವಿಭಾಗಗಳೂ ಇರುವ, ವಾರ್ಷಿಕ ವಹಿವಾಟು ಕನಿಷ್ಠ 20 ಲಕ್ಷ ಡಾಲರು ಇರುವ ಅಂಗಡಿ.

ಈ ಅಳತೆಯ ದೋಷ ಸ್ಪಷ್ಟವಾಗಿದೆ. ಮುಕ್ಕಾಲು ಮೈಲಿ ದೂರದಿಂದ ಎರಡು ಚೀಲ ಹೊತ್ತು ಹಿಮದಲ್ಲಿ ನಡೆದುಬರುವ ವೃದ್ಧೆಯು ಈ ಲೆಕ್ಕಕ್ಕೆ ಸಿಗುವುದಿಲ್ಲ. ಒಳ್ಳೆಯ ತರಕಾರಿಯಿಟ್ಟ ಸಣ್ಣ ಅಂಗಡಿಯೂ, ವಹಿವಾಟು ಚಿಕ್ಕದೆಂಬ ಕಾರಣಕ್ಕೆ, ಲೆಕ್ಕದಿಂದ ಹೊರಗುಳಿಯುತ್ತದೆ.

ಪೇಟೆ ಬರಿದಾದ ಬಗೆ

ಎಂಗಲ್‌ವುಡ್ ಹುಟ್ಟಿನಿಂದಲೇ ಮರುಭೂಮಿಯಾಗಿರಲಿಲ್ಲ. 1930ರ ದಶಕದಲ್ಲಿ ಸಿಯರ್ಸ್ ಸಂಸ್ಥೆಯು ಅಲ್ಲಿ ದೊಡ್ಡ ಮಳಿಗೆಯನ್ನೇ ಕಟ್ಟಿತ್ತು. ಅದೇ ದಶಕದಲ್ಲಿ ಕೇಂದ್ರ ಸರಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆಗಳನ್ನು ಸಿದ್ಧಪಡಿಸಿ, ಕಪ್ಪು ಜನರು ವಾಸಿಸುವ ಬಡಾವಣೆಗಳಿಗೆ ಸಾಲಕ್ಕೆ ಅಪಾಯಕಾರಿಯೆಂದು ಕೆಂಪು ಬಣ್ಣ ಬಳಿಯಿತು. ಸಾಲ ದೊರೆಯದ ಕಡೆ ಮನೆಗಳಿಗೆ ದುರಸ್ತಿಯಿಲ್ಲ, ಅಂಗಡಿಗಳಿಗೆ ಬಂಡವಾಳವಿಲ್ಲ. ಎಂಗಲ್‌ವುಡ್‌ಗೆ ಕಪ್ಪು ಕುಟುಂಬಗಳು ಬಂದಂತೆ ಬಿಳಿಯರು ಉಪನಗರಗಳಿಗೆ ತೆರಳಿದರು; ಉದ್ಯೋಗಗಳೂ ಅವರ ಹಿಂದೆ ಹೋದವು. ಸಿಯರ್ಸ್ 1976ರಲ್ಲಿ ಮುಚ್ಚಿತು. 1960ರಲ್ಲಿ 97 ಸಾವಿರವನ್ನು ಮೀರಿದ್ದ ಬಡಾವಣೆಯ ಜನಸಂಖ್ಯೆ 2020ರ ಹೊತ್ತಿಗೆ 24 ಸಾವಿರದ ಆಸುಪಾಸಿಗೆ ಇಳಿಯಿತು. ಅರವತ್ತು ವರ್ಷಗಳಲ್ಲಿ ನಾಲ್ಕು ಗಿರಾಕಿಗಳ ಪೈಕಿ ಮೂವರು ಇಲ್ಲವಾದ ಪೇಟೆಯನ್ನು ಯಾವ ವ್ಯಾಪಾರಿಯಾದರೂ ಊಹಿಸಿಕೊಳ್ಳಬಲ್ಲನು.

ಇದರ ಮೇಲೆ 2013ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಡಾಮಿನಿಕ್ಸ್ ಹೆಸರಿನ ಸರಣಿ ಮಳಿಗೆಗಳನ್ನು ನಡೆಸುತ್ತಿದ್ದ ಸೇಫ್‌ವೇ ಸಂಸ್ಥೆಯು ಷಿಕಾಗೋ ಪ್ರದೇಶದಿಂದಲೇ ನಿರ್ಗಮಿಸಿತು. ಆಗ 72 ಮಳಿಗೆಗಳ ಭವಿಷ್ಯ ಅನಿಶ್ಚಿತವಾಯಿತು. ಸಿರಿವಂತ ಪ್ರದೇಶಗಳ ಕಟ್ಟಡಗಳಿಗೆ ಬೇಡಿಕೆ ಬೇಗ ಬಂತು. ಬಡ ಪ್ರದೇಶಗಳಲ್ಲಿ ಕೆಲವು ವರ್ಷಗಟ್ಟಲೆ ಖಾಲಿ ಉಳಿದವು. ಬಿಟ್ಟುಹೋಗುವ ಸರಣಿ ಸಂಸ್ಥೆಗಳು ಆ ಜಾಗದಲ್ಲಿ ಬೇರೆ ದಿನಸಿ ವ್ಯಾಪಾರ ನಡೆಯಕೂಡದೆಂದು ಕ್ರಯಪತ್ರದಲ್ಲಿಯೇ ಷರತ್ತು ವಿಧಿಸುವ ಪದ್ಧತಿಯೂ ಅಮೆರಿಕದಲ್ಲಿದೆ. ತಾನೂ ವ್ಯಾಪಾರ ಮಾಡೆನು, ಇನ್ನೊಬ್ಬನಿಗೂ ಬಿಡೆನು ಎಂಬ ಈ ಧೋರಣೆಯನ್ನು ವ್ಯಾಪಾರ ಧರ್ಮವೆನ್ನಲಾಗದು.

ಅಂಗಡಿಯ ಲೆಕ್ಕ

ದಿನಸಿ ವ್ಯಾಪಾರದಲ್ಲಿ ನಿವ್ವಳ ಲಾಭ ಅತ್ಯಲ್ಪ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಮಾರಾಟದ ಶೇಕಡ ಒಂದರಿಂದ ಮೂರರಷ್ಟು. ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ಅರಿಯಬಹುದು. ಒಂದು ಮಳಿಗೆಯ ವಾರ್ಷಿಕ ಮಾರಾಟ 1 ಕೋಟಿ ಡಾಲರು, ಸರಕಿನ ಖರೀದಿ ವೆಚ್ಚ 75 ಲಕ್ಷ, ಒಟ್ಟು ಲಾಭ 25 ಲಕ್ಷ ಎಂದಿಟ್ಟುಕೊಳ್ಳೋಣ. ಸಂಬಳ, ಬಾಡಿಗೆ, ವಿದ್ಯುತ್, ವಿಮೆ, ಕೊಳೆತು ಹೋದ ಸರಕು ಎಲ್ಲ ಸೇರಿ ವೆಚ್ಚ 23 ಲಕ್ಷ. ಉಳಿಯುವುದು 2 ಲಕ್ಷ.

ಈಗ ಮಾರಾಟ ಶೇಕಡ 15ರಷ್ಟು ಕುಸಿದರೆ ಒಟ್ಟು ಲಾಭ 21 ಲಕ್ಷ 25 ಸಾವಿರಕ್ಕೆ ಇಳಿಯುತ್ತದೆ. ವೆಚ್ಚ ಮಾತ್ರ ಆ ಪ್ರಮಾಣದಲ್ಲಿ ಇಳಿಯದು. ಶೀತಲ ಪೆಟ್ಟಿಗೆಗಳು ಗಿರಾಕಿ ಬರಲಿ ಬಾರದಿರಲಿ ಹಗಲಿರುಳು ಓಡಬೇಕು. ಮಾರಾಟ ನಿಧಾನವಾದಷ್ಟೂ ಸೊಪ್ಪು, ಹಣ್ಣು, ಮಾಂಸ ಕೆಡುವುದು ಹೆಚ್ಚು. ಎಷ್ಟೇ ಬಿಗಿಹಿಡಿದರೂ ವೆಚ್ಚ 22 ಲಕ್ಷಕ್ಕೆ ನಿಂತಿತೆನ್ನಿ. 75 ಸಾವಿರ ಡಾಲರು ನಷ್ಟ. ಬಡ ಬಡಾವಣೆಯಲ್ಲಿ ಇನ್ನೊಂದು ತೊಡಕಿದೆ. 'ಸ್ನ್ಯಾಪ್' ಎಂಬ ಸರಕಾರಿ ಆಹಾರ ನೆರವು ನಮ್ಮ ಪಡಿತರದಂತೆ ಧಾನ್ಯದ ರೂಪದಲ್ಲಿ ಬರುವುದಿಲ್ಲ. ಕಾರ್ಡಿಗೆ ಹಣ ಜಮೆಯಾಗುತ್ತದೆ, ಖಾಸಗಿ ಅಂಗಡಿಯಲ್ಲಿ ಖರ್ಚಾಗುತ್ತದೆ. ಹಣ ಬಂದ ಕೆಲವೇ ದಿನಗಳಲ್ಲಿ ಖರೀದಿಯ ಬಹುಭಾಗ ಮುಗಿಯುತ್ತದೆ. ವ್ಯಾಪಾರವು ತಿಂಗಳ ಕೆಲವು ದಿನಗಳಿಗೆ ಒತ್ತರಿಸಿಕೊಂಡರೂ ಸಿಬ್ಬಂದಿಗೆ ಸಂಬಳ ಇಡೀ ತಿಂಗಳಿಗೆ ಸಲ್ಲಬೇಕು.

ಇಲ್ಲಿಯೇ ಸಹಾಯಧನದ ತಪ್ಪು ಬಯಲಾಗುವುದು. ಕಟ್ಟಡಕ್ಕೆ, ಯಂತ್ರಕ್ಕೆ ಕೊಡುವ ನೆರವು ಬಂಡವಾಳ ಖಾತೆಗೆ ಸೇರಿದ್ದು. ನಷ್ಟವಾಗುವುದು ಕಂದಾಯ ಖಾತೆಯಲ್ಲಿ, ಅದೂ ಪ್ರತಿ ತಿಂಗಳು. ಒಮ್ಮೆ ಬಂದ ಕೋಟಿಯು ಬಾಗಿಲು ತೆರೆಸುತ್ತದೆ. ಏಳನೆಯ ವರ್ಷದ ವಿದ್ಯುತ್ ಬಿಲ್ಲನ್ನು ಅದು ಕಟ್ಟುವುದಿಲ್ಲ. ಎಂಗಲ್‌ವುಡ್ ಮಳಿಗೆಯ ಪ್ರತ್ಯೇಕ ಲೆಕ್ಕಪತ್ರ ಸಾರ್ವಜನಿಕವಾಗಿಲ್ಲವಾದ್ದರಿಂದ ಅಲ್ಲಿ ಆದದ್ದು ಇದೇ ಎಂದು ಖಚಿತವಾಗಿ ಹೇಳಬಾರದು. ಆದರೆ ವಾಲ್‌ಮಾರ್ಟ್ ತಾನೇ ಕೊಟ್ಟ ಕಾರಣ ಈ ಜಾಡಿನಲ್ಲಿಯೇ ಇದೆ.

ಸಣ್ಣ ವ್ಯಾಪಾರಿಯ ಖರೀದಿ ದರ

ದೊಡ್ಡವರು ಬಿಟ್ಟುಹೋದ ಜಾಗವನ್ನು ಸ್ಥಳೀಯ ಸಣ್ಣ ವ್ಯಾಪಾರಿ ಏಕೆ ತುಂಬಲಿಲ್ಲ ಎಂಬುದೇ ಈ ಪತ್ರಿಕೆಯ ಓದುಗರಿಗೆ ಹೆಚ್ಚು ಸಂಬಂಧಿಸಿದ ಪ್ರಶ್ನೆ. ಮೇಲಿನ ಉದಾಹರಣೆಯಲ್ಲಿಯೇ ಮಾರಾಟ ಕುಸಿಯದೆ, ಸರಕಿನ ಖರೀದಿ ದರ ಮಾತ್ರ ಪ್ರತಿಸ್ಪರ್ಧಿಗಿಂತ ಶೇಕಡ 2ರಷ್ಟು ಹೆಚ್ಚಾದರೆ ಒಂದೂವರೆ ಲಕ್ಷ ಡಾಲರು ಹೋಗುತ್ತದೆ. ಎರಡು ಲಕ್ಷದ ಲಾಭ ಐವತ್ತು ಸಾವಿರಕ್ಕೆ ಬರುತ್ತದೆ.

ದೊಡ್ಡ ಖರೀದಿದಾರನು ತಯಾರಕನಿಂದ ವಿಶೇಷ ರಿಯಾಯಿತಿ ಹಿಂಡಿಕೊಳ್ಳುವುದನ್ನು ತಡೆಯಲೆಂದೇ ಅಮೆರಿಕದಲ್ಲಿ 1936ರಷ್ಟು ಹಿಂದೆ ರಾಬಿನ್ಸನ್ ಪ್ಯಾಟ್‌ಮನ್ ಕಾಯಿದೆ ಬಂದಿತ್ತು. ಒಂದೇ ಬಗೆಯ ಸರಕನ್ನು ಪರಸ್ಪರ ಪೈಪೋಟಿಯಲ್ಲಿರುವ ಇಬ್ಬರಿಗೆ ಬೇರೆಬೇರೆ ದರದಲ್ಲಿ ಮಾರಿ ಪೈಪೋಟಿಗೆ ಧಕ್ಕೆ ತರಬಾರದು. ವೆಚ್ಚದಲ್ಲಿ ನಿಜವಾದ ಉಳಿತಾಯವಿದ್ದರೆ ಅಷ್ಟರಮಟ್ಟಿಗೆ ವಿನಾಯಿತಿ. ಕಾಯಿದೆ ರದ್ದಾಗಿಲ್ಲ, ಆದರೆ 1980ರ ದಶಕದಿಂದ ಸರಕಾರ ಅದನ್ನು ಬಹುಮಟ್ಟಿಗೆ ಜಾರಿಗೊಳಿಸದೆ ಬಿಟ್ಟಿತು. ಕಡಿಮೆ ದರ ಗ್ರಾಹಕನಿಗೆ ಹಿತವೆಂಬ ವಾದ ಇದಕ್ಕೆ ಕಾರಣ. ವಾದ ಪೂರ್ಣ ಸುಳ್ಳಲ್ಲ. ಮಳಿಗೆಯೇ ಉಳಿಯದ ಬಡಾವಣೆಯ ಗ್ರಾಹಕನು ಮಾತ್ರ ಅದರಲ್ಲಿ ಲೆಕ್ಕಕ್ಕೆ ಬಂದಿರಲಿಲ್ಲ.

ಸಣ್ಣವರು ಒಗ್ಗೂಡಿ ಖರೀದಿಸುವ ದಾರಿಯೂ ಇತ್ತು. 1917ರಲ್ಲಿ ಸ್ಥಾಪನೆಗೊಂಡ ಸೆಂಟ್ರಲ್ ಗ್ರೋಸರ್ಸ್ ಎಂಬ ಸಹಕಾರಿ ಸಗಟು ಸಂಸ್ಥೆಯು ಷಿಕಾಗೋ ಸುತ್ತಲಿನ ನೂರಾರು ಸ್ವತಂತ್ರ ಅಂಗಡಿಗಳಿಗೆ ಸರಕು ಒದಗಿಸುತ್ತಿತ್ತು. ನೂರು ವರ್ಷ ತುಂಬಿದ 2017ರಲ್ಲಿಯೇ ಅದು ದಿವಾಳಿ ಅರ್ಜಿ ಸಲ್ಲಿಸಿತು. ಒಂದು ಮಳಿಗೆ ಮುಚ್ಚಿದರೆ ಸುದ್ದಿಯಾಗುತ್ತದೆ. ಸಗಟು ಕೊಂಡಿ ಕಳಚಿದ್ದು ಅಷ್ಟು ಸುದ್ದಿಯಾಗಲಿಲ್ಲ. ಈ ನಡುವೆ, ದೇಶಾದ್ಯಂತ 20 ಸಾವಿರಕ್ಕೂ ಹೆಚ್ಚು ಮಳಿಗೆಗಳುಳ್ಳ ಡಾಲರ್ ಜನರಲ್‌ನಂತಹ ಸಂಸ್ಥೆಗಳು ಕಡಿಮೆ ಸಿಬ್ಬಂದಿ, ಬಹುತೇಕ ಪೊಟ್ಟಣದ ಸರಕು ಎಂಬ ಸೂತ್ರದಿಂದ ಬೆಳೆದಿವೆ. ಕೆಡದ ಸರಕು ಅವರದು, ಕೆಡುವ ಸರಕು ದಿನಸಿಯವನದು.

ಅಂಗಡಿ ಬಂದರೆ ಸಾಕೇ?

ಅರ್ಥಶಾಸ್ತ್ರಜ್ಞರಾದ ಆಲ್ಕಾಟ್, ಡೈಮಂಡ್, ದ್ಯೂಬೆ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವು ಸುಲಭದ ನಂಬಿಕೆಯೊಂದನ್ನು ಅಲುಗಿಸಿತು. ಬಡವರಿಗೂ ಸಿರಿವಂತರಿಗೆ ಸಿಗುವ ಸರಕೇ ಅದೇ ದರದಲ್ಲಿ ಸಿಕ್ಕರೂ ಪೌಷ್ಟಿಕತೆಯ ಅಂತರ ಸುಮಾರು ಶೇಕಡ 10ರಷ್ಟು ಮಾತ್ರ ತಗ್ಗುತ್ತದೆ ಎಂಬುದು ಅದರ ತೀರ್ಮಾನ. ಹತ್ತಿರ ಮಳಿಗೆಯಿಲ್ಲದವರೂ ಹೇಗಾದರೂ ದೂರದ ಮಳಿಗೆಗೆ ಹೋಗಿಯೇ ಖರೀದಿಸುತ್ತಿದ್ದರು. ಹೊಸ ಮಳಿಗೆ ಬಂದಾಗ ಬದಲಾದದ್ದು ಹೆಚ್ಚಾಗಿ ಅಂಗಡಿ, ಊಟವಲ್ಲ.

ಇದರಿಂದ ಮಳಿಗೆ ಬೇಡವೆಂದಾಗುವುದಿಲ್ಲ. ಬಸ್ಸಿನ ಬಾಡಿಗೆ, ಅರ್ಧ ದಿನದ ಸಮಯ, ವೃದ್ಧರ ಅವಲಂಬನೆ ಇವೆಲ್ಲ ಪೌಷ್ಟಿಕತೆಯ ಕೋಷ್ಟಕದಲ್ಲಿ ಕಾಣದ ವೆಚ್ಚಗಳು. ಆದರೆ ಯೋಜನೆ ಹಾಕುವವರಿಗೆ ಇದರಲ್ಲೊಂದು ಎಚ್ಚರಿಕೆಯಿದೆ: ದೂರದ ಮಳಿಗೆಗೆ ಹೋಗಿ ರೂಢಿಯಾದ ಗಿರಾಕಿ ಹೊಸ ಮಳಿಗೆಗೆ ತಾನಾಗಿ ಒದಗಿಬರುವುದಿಲ್ಲ. ಅವನ ಕಿಸೆಗೆ ಹೊಂದುವ ದರವಿರಬೇಕು. ಹೋಲ್ ಫುಡ್ಸ್ ಎಂದರೆ ದುಬಾರಿಯೆಂಬ ಹೆಸರು ಅಮೆರಿಕದಲ್ಲೆಲ್ಲ ಪ್ರಚಲಿತವಾಗಿತ್ತು. 2024ರಲ್ಲಿ ಅದೇ ಕಟ್ಟಡದಲ್ಲಿ ಅಗ್ಗದ ದರಕ್ಕೆ ಹೆಸರಾದ ಸೇವ್ ಎ ಲಾಟ್ ಮಳಿಗೆ ತೆರೆದಾಗ, ಅದರ ಗುಣಮಟ್ಟದ ಬಗ್ಗೆ ನಿವಾಸಿಗಳಲ್ಲಿ ಕೆಲವರು ಆಕ್ಷೇಪಿಸಿದರು. ತಮ್ಮನ್ನು ಕೇಳಿ ಅಂಗಡಿ ತರಲಿಲ್ಲವೆಂಬುದು ಅವರ ಮುಖ್ಯ ದೂರಾಗಿತ್ತು.

ಇಲಿನಾಯ್ ರಾಜ್ಯವು 2023ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದು, ಮಳಿಗೆಯಿಲ್ಲದ ಪ್ರದೇಶಗಳಿಗಾಗಿ 2 ಕೋಟಿ ಡಾಲರು ತೆಗೆದಿರಿಸಿತು. ಇದರಲ್ಲಿ ಗಮನಾರ್ಹವಾದದ್ದು ಹೊಸ ಮಳಿಗೆಗಳ ಅನುದಾನವಲ್ಲ, ಈಗಾಗಲೇ ನಡೆಯುತ್ತಿರುವ ಅಂಗಡಿಗಳು ವಿದ್ಯುತ್ ಉಳಿಸುವ ಹೊಸ ಉಪಕರಣ ಕೊಳ್ಳಲು ಇಟ್ಟ ಅನುದಾನ. ಹಳೆಯ ಶೀತಲ ಪೆಟ್ಟಿಗೆ ಬದಲಾದರೆ ತಿಂಗಳ ಬಿಲ್ಲು ಇಳಿಯುತ್ತದೆ. ಬಂಡವಾಳದ ನೆರವು ಕಂದಾಯ ಖಾತೆಗೆ ತಲುಪುವ ಕೆಲವೇ ದಾರಿಗಳಲ್ಲಿ ಇದೊಂದು.